75 ಓಮ್ ಅಡಾಪ್ಟರ್ ಹಾಕಿದರೆ ಚುಚ್ಚುವ ಸದ್ದು ಮೆದುವಾಗುತ್ತದೆಯೇ?

ನಿಮ್ಮ ಇಯರ್‌ಫೋನಿನಲ್ಲಿ 'ಸ', 'ಶ' ಕಿವಿಗೆ ಚುಚ್ಚುತ್ತವೆ, 75 ಓಮ್‌ನ ಇಂಪಿಡೆನ್ಸ್ ಅಡಾಪ್ಟರ್ (ಫೋನಿಗೂ ಇಯರ್‌ಫೋನಿಗೂ ನಡುವೆ ಸಿಕ್ಕಿಸುವ ತುಂಡು) ಕೊಂಡರೆ ಸರಿಹೋದೀತೇ ಎಂದು ಕೇಳಿದ್ದೀರಿ. ಸರಿಹೋಗಬಹುದು, ತಿರುಗುಬಾಣವೂ ಆಗಬಹುದು. ಮೊದಲು ನಿಮ್ಮ ಮಾದರಿಯ ಇಂಪಿಡೆನ್ಸ್ ನಕ್ಷೆ, ಅಂದರೆ ಯಾವ ಸ್ಥಾಯಿಯಲ್ಲಿ ಅದು ವಿದ್ಯುತ್ತಿಗೆ ಎಷ್ಟು ಓಮ್ ತಡೆ ಒಡ್ಡುತ್ತದೆ ಎಂದು ತೋರಿಸುವ ಗೆರೆಚಿತ್ರ, ಹುಡುಕಿ.

ಅಡಾಪ್ಟರಿನೊಳಗೆ ಇರುವುದು ಪ್ರತಿ ಕಿವಿಗೆ ಒಂದೊಂದು ರೆಸಿಸ್ಟರ್ (ವಿದ್ಯುತ್ತನ್ನು ತಡೆಯುವ ಬಿಡಿಭಾಗ), ಅಷ್ಟೇ. ಅದು ಇಯರ್‌ಫೋನಿನ ಪಾಲಿನ ವೋಲ್ಟೇಜಿಗೆ ಕೈ ಹಾಕುತ್ತದೆ. ಇಂಪಿಡೆನ್ಸ್ ಕಡಿಮೆ ಇರುವ ಕಡೆ ಹೆಚ್ಚು ಕಸಿಯುತ್ತದೆ. ಮಂದ್ರದಲ್ಲಿ 32 ಓಮ್, ತಾರದಲ್ಲಿ 8 ಓಮ್ ಇದೆ ಎನ್ನೋಣ. ಬರೀ 10 ಓಮ್ ಸೇರಿಸಿದರೂ ಮಂದ್ರ ಸುಮಾರು 2.4 ಡೆಸಿಬಲ್, ತಾರ 7 ಡೆಸಿಬಲ್ ಇಳಿಯುತ್ತದೆ. 75 ಓಮ್ ಹಾಕಿದರೆ ಇವೆರಡರ ಅಂತರ ಹತ್ತು ಡೆಸಿಬಲ್ ಹತ್ತಿರ. ಗಾಯಕ ಕಂಬಳಿ ಹೊದ್ದು ಹಾಡಿದಂತಾಗುತ್ತದೆ. ತಾರದ ಕಡೆಗೆ ಇಂಪಿಡೆನ್ಸ್ ಏರುತ್ತಿದ್ದರೆ ಎಲ್ಲವೂ ತಿರುವುಮುರುವು. ಎಟಿಮೋಟಿಕ್ ಕಂಪನಿಯ ಇಆರ್4ಪಿ ಇಯರ್‌ಫೋನಿಗೆ 75 ಓಮ್ ಸೇರಿಸಿ, ತಾರ ಹೆಚ್ಚಿರುವ ಇಆರ್4ಎಸ್ ಮಾಡಿಕೊಳ್ಳುತ್ತಿದ್ದುದು ಹೀಗೆಯೇ.

ನಿಮ್ಮದು ಒಂದೇ ಡೈನಮಿಕ್ ಡ್ರೈವರಿನದೋ (ಸುರುಳಿಯಿಂದ ಸದ್ದು ಹೊರಡಿಸುವ ಭಾಗ) ಪ್ಲೇನಾರೋ (ತೆಳು ಹಾಳೆಯಿಂದ ಸದ್ದು ಹೊರಡಿಸುವುದು) ಆಗಿದ್ದರೆ ಇಂಪಿಡೆನ್ಸ್ ಗೆರೆ ಹೆಚ್ಚುಕಡಿಮೆ ಸಪಾಟು. ಸದ್ದು ಇಳಿಯುತ್ತದೆ, ಆಂಪ್ಲಿಫೈಯರಿನ ಹಿಸ್ ಎಂಬ ಹಿನ್ನೆಲೆ ಸದ್ದೂ ತಗ್ಗೀತು, ಧ್ವನಿಯ ಬಣ್ಣ ಬದಲಾಗದು.

ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ನಾನು ಇದನ್ನು ಮರೆತು, ಬರೀ ಸದ್ದು ಇಳಿದದ್ದನ್ನೇ ಮಾಧುರ್ಯವೆಂದು ಎರಡು ದಿನ ಮೆಚ್ಚಿಕೊಂಡು ಕೂತಿದ್ದೆ. ಅಂದಹಾಗೆ, ಫೋನಿನಲ್ಲಿ ಇಕ್ವಲೈಸರ್ ಇದ್ದರೆ 6ರಿಂದ 8 ಕಿಲೋಹರ್ಟ್ಸ್ ನಡುವೆ 3 ಡೆಸಿಬಲ್ ಇಳಿಸಿ ಕೇಳಿ. ಅಷ್ಟರಲ್ಲೇ ಚುಚ್ಚುವುದು ನಿಂತರೆ ಅಡಾಪ್ಟರಿನ ಗೊಡವೆಯೇ ಬೇಡ.