ಕೋಚಿಂಗ್‌ಗೆ ಸಾಲ ಮಾಡೋಕೆ ಮುಂಚೆ ಸರ್ಕಾರದಿಂದ ಏನೇನು ಸಿಗುತ್ತೆ ನೋಡ್ಕೊಳ್ಳಿ

ಪ್ರಶ್ನೆ: ನಾವು ಸಿಂಧನೂರು ತಾಲೂಕಿನ ಒಂದು ಹಳ್ಳಿಯವರು, ಕೂಲಿ ಮಾಡಿ ಜೀವನ ಮಾಡೋರು. ಮಗಳು ಎಸ್ಸೆಸ್ಸೆಲ್ಸಿವರೆಗೂ ಊರಿನ ಕನ್ನಡ ಶಾಲೆಲೇ ಓದಿ ಒಳ್ಳೆ ಮಾರ್ಕ್ಸ್ ತಗೊಂಡು ಈಗ ಸರ್ಕಾರಿ ಕಾಲೇಜಲ್ಲಿ ಫಸ್ಟ್ ಪಿಯು ಸೈನ್ಸ್ ಓದ್ತಿದಾಳೆ. ಇಂಜಿನಿಯರಿಂಗ್ ಆಸೆ. ಒಂದು ಕೋಚಿಂಗ್ ಸೆಂಟರ್‌ನವರು 1 ಲಕ್ಷದ 20 ಸಾವಿರ ಕೇಳ್ತಿದಾರೆ, ಸಂಘದಲ್ಲಿ ಸಾಲ ತೆಗೆದು ಕಟ್ಟೋಣ ಅಂತಾರೆ ಮನೆಯವರು. ಸರ್ಕಾರದಿಂದ ಏನಾದ್ರೂ ಸಹಾಯ ಇದ್ಯಾ?

ಉತ್ತರ: ಅಮ್ಮಾ, ದಯವಿಟ್ಟು ಈಗ್ಲೇ ಸಾಲ ಮಾಡ್ಬೇಡಿ. ಸಹಾಯ ಖಂಡಿತ ಇದೆ, ಆದ್ರೆ ಒಂದೇ ಕಡೆ ಇಲ್ಲ, ಒಂದೊಂದು ಇಲಾಖೆಲಿ ಒಂದೊಂದು ಚೂರು ಇದೆ, ಅದನ್ನೆಲ್ಲ ಕೂಡಿಸಿ ಹೇಳೋರು ಯಾರೂ ಇಲ್ಲದೆ ನಿಮ್ಮಂಥ ಮನೆಯವರ ಕೈ ತಪ್ಪಿ ಹೋಗುತ್ತೆ, ಅದೇ ನಂಗೆ ತುಂಬಾ ಬೇಜಾರು.

ಮೊದಲು ಸಿಇಟಿ, ಅಂದ್ರೆ ರಾಜ್ಯದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ, ಅದರ ಲೆಕ್ಕ ತಿಳ್ಕೊಳ್ಳಿ. ಇಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿ ಮಾರ್ಕ್ಸ್ ಅರ್ಧ, ಸೆಕೆಂಡ್ ಪಿಯು ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸ್ ಮಾರ್ಕ್ಸ್ ಇನ್ನರ್ಧ. ಒಬ್ಬ ಹುಡುಗಿಗೆ ಬೋರ್ಡಲ್ಲಿ 90 ಪರ್ಸೆಂಟ್ ಬಂದು ಸಿಇಟಿಲಿ 50 ಬಂದ್ರೆ ಅವಳ ಲೆಕ್ಕ 70. ಕೋಚಿಂಗ್‌ಗೆ ಹೋಗಿ ಸಿಇಟಿಲಿ 60 ತಗೊಂಡು ಬೋರ್ಡಲ್ಲಿ 78ಕ್ಕೆ ಇಳಿದವನ ಲೆಕ್ಕ 69. ಅಂದ್ರೆ ಕಾಲೇಜಿನ ಪಾಠ, ಲ್ಯಾಬು, ಬೋರ್ಡ್ ಎಕ್ಸಾಮ್ ಇದೇ ಅರ್ಧ ಕೋಚಿಂಗ್, ಅದಕ್ಕೆ ನೀವು ಲಕ್ಷ ಕೊಡಬೇಕಾಗಿಲ್ಲ. ಸಿಇಟಿಲಿ ಸಬ್ಜೆಕ್ಟಿಗೆ 60 ಪ್ರಶ್ನೆ, 80 ನಿಮಿಷ, ನೆಗೆಟಿವ್ ಮಾರ್ಕಿಂಗ್ ಇಲ್ಲ. ಹಳೇ ಪ್ರಶ್ನೆಪತ್ರಿಕೆ ಸಿಇಟಿ ನಡೆಸೋ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಲ್ಲಿ ಸಿಗುತ್ತೆ, ಟೈಮ್ ಇಟ್ಕೊಂಡು ಬಿಡಿಸೋದು ಸೆಕೆಂಡ್ ಪಿಯು ಶುರುವಾದಾಗ್ಲೇ ರೂಢಿ ಆಗ್ಲಿ.

ಫ್ರೀ ಕೋಚಿಂಗ್ ವಿಷಯ. 2020ರಲ್ಲಿ ಕೋವಿಡ್ ಟೈಮಲ್ಲಿ ರಾಜ್ಯ ಸರ್ಕಾರ ಗೆಟ್‌ಸೆಟ್‌ಗೋ ಅಂತ ಸಿಇಟಿಗೆ, ಮೆಡಿಕಲ್ ಪ್ರವೇಶದ ನೀಟ್‌ಗೆ ಆನ್‌ಲೈನ್ ಕೋಚಿಂಗ್ ಉಚಿತವಾಗಿ ಕೊಟ್ಟಿತ್ತು. ಆ ಹೆಸರನ್ನೇ ಹುಡುಕ್ಕೊಂಡು ಕೂರಬೇಡಿ, ಇಂಥ ಸ್ಕೀಮ್‌ಗಳ ಹೆಸರು ಬದಲಾಗ್ತಾನೇ ಇರುತ್ತೆ, ಅದಕ್ಕೇ ಪ್ರತಿ ವರ್ಷ ಕಾಲೇಜು ಶುರುವಾದ ತಕ್ಷಣ ಪ್ರಿನ್ಸಿಪಾಲರ ಹತ್ರ "ಈ ವರ್ಷ ಇಲಾಖೆಯಿಂದ ಸಿಇಟಿ ಕೋಚಿಂಗ್ ಸರ್ಕ್ಯುಲರ್ ಬಂದಿದ್ಯಾ ಸರ್" ಅಂತ ಮಗಳೇ ಹೋಗಿ ಕೇಳ್ಬೇಕು. ನಾಚಿಕೆ ಪಟ್ಕೊಂಡ್ರೆ ಆಗಲ್ಲ. ಇದಲ್ದೆ ಕೇಂದ್ರ ಶಿಕ್ಷಣ ಸಚಿವಾಲಯ, ಐಐಟಿ ಕಾನ್ಪುರ ಸೇರಿ ಮಾಡಿರೋ ಸಾಥಿ ಪೋರ್ಟಲ್ ಇದೆ, ಜೆಇಇ (ಐಐಟಿ, ಎನ್‌ಐಟಿ ಪ್ರವೇಶ ಪರೀಕ್ಷೆ), ನೀಟ್ ಪಾಠ, ಟೆಸ್ಟ್ ಎಲ್ಲ ಉಚಿತ. ಸಿಲಬಸ್ ಬಹುಪಾಲು ಒಂದೇ ಆಗಿರೋದ್ರಿಂದ ಸಿಇಟಿಗೂ ಸಾಕು. ಮನೇಲಿ ಫೋನ್ ಒಂದೇ ಇದ್ರೆ ನಿಮ್ಮ ಗ್ರಾಮ ಪಂಚಾಯ್ತಿ ಲೈಬ್ರರಿ, ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿ ಕಂಪ್ಯೂಟರ್ ಇದ್ಯಾ ನೋಡಿ, ಮಕ್ಕಳಿಗೆ ಸದಸ್ಯತ್ವ ಫ್ರೀ. ಎಸ್ಸಿ ಅಥವಾ ಓಬಿಸಿ ಆಗಿದ್ರೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಉಚಿತ ಕೋಚಿಂಗ್ ಯೋಜನೆನೂ ಇದೆ, ಆದಾಯ 8 ಲಕ್ಷದ ಒಳಗಿರಬೇಕು, ಸೀಟಲ್ಲಿ 30 ಪರ್ಸೆಂಟ್ ಹೆಣ್ಮಕ್ಕಳಿಗೇ ಅಂತ ಇಟ್ಟಿದಾರೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಇದನ್ನ ಎರಡು ಸಲ ಓದಿ. ನಿಮ್ಮ ಮಗಳಿಗೆ ಕೋಚಿಂಗ್‌ಗಿಂತ ಜಾಸ್ತಿ ಸಹಾಯ ಮಾಡೋದು ಪೇಪರ್ಸ್. ರಾಯಚೂರು ಜಿಲ್ಲೆ ಅಂದ್ರೆ 371ಜೆ ವ್ಯಾಪ್ತಿ, ಕಲ್ಯಾಣ ಕರ್ನಾಟಕದವರಿಗೆ ವಿಶೇಷ ಮೀಸಲಾತಿ ಕೊಡೋ ಸಂವಿಧಾನದ ವಿಧಿ ಅದು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು ಅಲ್ಲಿನ ಮಕ್ಕಳಿಗೆ, ರಾಜ್ಯದ ಉಳಿದ ಕಡೆ 8 ಪರ್ಸೆಂಟ್. ಅದಕ್ಕೆ ಅಸಿಸ್ಟೆಂಟ್ ಕಮಿಷನರ್ ಆಫೀಸಿಂದ ಅರ್ಹತಾ ಪ್ರಮಾಣಪತ್ರ ಬೇಕು. 1ರಿಂದ 10ನೇ ಕ್ಲಾಸ್‌ವರೆಗೆ ಹಳ್ಳಿಲಿ ಓದಿರೋರಿಗೆ ಗ್ರಾಮೀಣ ಕೋಟಾ 15 ಪರ್ಸೆಂಟ್, ಕನ್ನಡ ಮಾಧ್ಯಮದಲ್ಲಿ ಓದಿರೋರಿಗೆ 5 ಪರ್ಸೆಂಟ್, ನಿಮ್ಮ ಮಗಳು ಎರಡನ್ನೂ ಕೇಳಬಹುದು. ಇದರ ಜೊತೆ ಎಸ್‌ಎನ್‌ಕ್ಯು ಅಂತ ಒಂದಿದೆ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇರೋ ಸೀಟಿನ ಮೇಲೆ ಇನ್ನೂ 5 ಪರ್ಸೆಂಟ್, ಆದಾಯ 8 ಲಕ್ಷದೊಳಗಿನ ಮನೆ ಮಕ್ಕಳಿಗೆ ಟ್ಯೂಷನ್ ಫೀ ಮಾಫಿ. ಇಷ್ಟನ್ನೂ ಸಿಇಟಿ ಅರ್ಜಿ ಹಾಕುವಾಗ್ಲೇ ಕ್ಲೇಮ್ ಮಾಡ್ಬೇಕು, ಆಗ ಬಿಟ್ಟು ಆಮೇಲೆ ಅತ್ತು ಕರೆದ್ರೂ ಸೀಟ್ ಬರಲ್ಲ. ಎಷ್ಟೋ ಮಕ್ಕಳು ಓದಲ್ಲಿ ಹಿಂದೆ ಬಿದ್ದು ಸೀಟ್ ಕಳ್ಕೊಳ್ಳಲ್ಲ, ಮಾರ್ಚ್ ಏಪ್ರಿಲಲ್ಲಿ ಎಕ್ಸಾಮ್ ಟೆನ್ಷನ್ ಮಧ್ಯೆ ಸರ್ಟಿಫಿಕೇಟ್‌ಗೆ ಓಡಾಡಿ ಕಳ್ಕೋತಾರೆ.

ಅದಕ್ಕೆ ಫಸ್ಟ್ ಪಿಯು ರಜೆಲಿ ಇದನ್ನ ಮುಗಿಸಿ: ನಾಡಕಚೇರಿಲಿ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ. ಆದಾಯದ್ದು 5 ವರ್ಷ ನಡೆಯುತ್ತೆ, ಹಳೇದಿದ್ರೆ ತಾರೀಕು ನೋಡಿ. ಅದರ ಮೇಲೆ ಆರ್‌ಡಿ ಅಂತ ಶುರುವಾಗಿ 13 ಅಂಕಿ ಇರೋ ನಂಬರ್ ಇರುತ್ತಲ್ಲ, ಅದು ಎಲ್ಲಾ ಅರ್ಜಿಗೂ ಬೇಕು. ಮಾರ್ಕ್ಸ್ ಕಾರ್ಡಲ್ಲಿ ಒಂದು ಇನಿಷಿಯಲ್, ಆಧಾರಲ್ಲಿ ಇನ್ನೊಂದು, ಆರ್‌ಡಿ ಸರ್ಟಿಫಿಕೇಟಲ್ಲಿ ಅಪ್ಪನ ಪೂರ್ತಿ ಹೆಸರು, ಹೀಗಿದ್ರೆ ಅರ್ಜಿ ಅಲ್ಲೇ ನಿಲ್ಲುತ್ತೆ, ಮೂರೂ ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. 1ರಿಂದ 10ರವರೆಗಿನ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು ಅಂದ್ರೆ ಅದನ್ನೂ ಈಗ್ಲೇ ಹಾಕಿಸ್ಕೊಳ್ಳಿ.

ಇನ್ನೊಂದು, ಇದು ಸರ್ಕಾರದ್ದಲ್ಲ ಆದ್ರೂ ಹೇಳ್ಬೇಕು. 10, 12 ಎರಡೂ ಸರ್ಕಾರಿ ಶಾಲೆ ಕಾಲೇಜಲ್ಲಿ ಪಾಸಾದ ಹೆಣ್ಮಕ್ಕಳು ಡಿಗ್ರಿ ಸೇರಿದ್ರೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್‌ನಲ್ಲಿ ವರ್ಷಕ್ಕೆ 30 ಸಾವಿರ ಕೊಡ್ತಾರೆ. ಕೇಂದ್ರ ಸರ್ಕಾರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಅಂತೂ ಇಂಜಿನಿಯರಿಂಗ್, ಡಿಪ್ಲೊಮಾ ಹುಡುಗಿಯರಿಗೇ ಇರೋದು, ವರ್ಷಕ್ಕೆ 50 ಸಾವಿರ, ಆದಾಯ 8 ಲಕ್ಷದೊಳಗೆ. ಮಗಳನ್ನ ಈಗ ಖಾಸಗಿ ಪಿಯು ಕಾಲೇಜಿಗೆ ಬದಲಾಯಿಸೋ ಯೋಚನೆ ಇದ್ರೆ ಆ ಮೊದಲನೇ 30 ಸಾವಿರ ಹೋಗುತ್ತೆ ಅನ್ನೋದು ನೆನಪಿರಲಿ.

ಪ್ರಶ್ನೆ: ತುಮಕೂರಲ್ಲಿ ಆಟೋ ಓಡಿಸ್ತೀನಿ. ಮಗ ಸರ್ಕಾರಿ ಶಾಲೆ 8ನೇ ಕ್ಲಾಸ್. ಈಗಿಂದ್ಲೇ ಏನಾದ್ರೂ ಮಾಡ್ಬೋದಾ ಅಥವಾ ಪಿಯುಸಿವರೆಗೂ ಕಾಯ್ಬೇಕಾ?

ಉತ್ತರ: ಕಾಯ್ಲೇಬೇಡಿ, ಸರಿಯಾದ ವರ್ಷಕ್ಕೆ ಕೇಳಿದೀರಿ. ಎನ್‌ಎಂಎಂಎಸ್ ಅನ್ನೋ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ 8ನೇ ಕ್ಲಾಸಲ್ಲಿ ಮಾತ್ರ ಬರೆಯೋಕಾಗೋದು, ಈ ವರ್ಷ ಹೋದ್ರೆ ಹೋಯ್ತು. ಪಾಸಾಗಿ ಸೆಲೆಕ್ಟ್ ಆದ್ರೆ 9ರಿಂದ ಸೆಕೆಂಡ್ ಪಿಯುವರೆಗೆ ವರ್ಷಕ್ಕೆ 12 ಸಾವಿರ, ನಾಲ್ಕು ವರ್ಷಕ್ಕೆ 48 ಸಾವಿರ. ಆದಾಯ ಮೂರೂವರೆ ಲಕ್ಷದ ಒಳಗಿರಬೇಕು, 7ನೇ ಕ್ಲಾಸಲ್ಲಿ 55 ಪರ್ಸೆಂಟ್ ಇರಬೇಕು, ಎಸ್ಸಿ ಎಸ್ಟಿಗೆ 5 ಪರ್ಸೆಂಟ್ ರಿಯಾಯ್ತಿ. ಸರ್ಕಾರಿ, ಅನುದಾನಿತ ಶಾಲೆಯವರಿಗೆ ಮಾತ್ರ, ಮೊರಾರ್ಜಿಯಂಥ ವಸತಿ ಶಾಲೆ ಮಕ್ಕಳಿಗೆ ಇಲ್ಲ. ಅರ್ಜಿ ಶಾಲೆ ಮೂಲಕವೇ ಹೋಗೋದು, ಅದಕ್ಕೆ ಹೆಡ್‌ಮಾಸ್ಟರ್‌ನ ಈ ವಾರವೇ ನೋಡಿ.

ಎರಡು ಪೇಪರ್, ಒಂದೊಂದ್ರಲ್ಲಿ 90 ಪ್ರಶ್ನೆ. ಒಂದು ಬುದ್ಧಿಶಕ್ತಿದು, ಇನ್ನೊಂದು ಶಾಲೆ ಪಾಠದ್ದು. ಮಕ್ಕಳು ತಡವರಿಸೋದು ಮೊದಲನೇದ್ರಲ್ಲಿ, ಯಾಕಂದ್ರೆ ಸಂಖ್ಯಾಸರಣಿ, ಕೋಡಿಂಗ್, ಕನ್ನಡಿ ಬಿಂಬ ಇಂಥ ಪ್ರಶ್ನೆ ಕ್ಲಾಸಲ್ಲಿ ಯಾರೂ ಮಾಡ್ಸಲ್ಲ. ದಿನಾ ಅರ್ಧ ಗಂಟೆ ಅದನ್ನೇ ಮಾಡ್ಲಿ. ಸೆಲೆಕ್ಟ್ ಆದ್ಮೇಲೂ ಪ್ರತಿ ವರ್ಷ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲಲ್ಲಿ ರಿನ್ಯೂವಲ್ ಮಾಡ್ಬೇಕು, ಇದನ್ನ ಮರೆತು ದುಡ್ಡು ನಿಂತವರು ಬಹಳ ಜನ.

ಪ್ರಶ್ನೆ: ನಾನು ಹೊಸಪೇಟೆ ಕಡೆಯ ವಿದ್ಯಾರ್ಥಿ. ಎಸ್‌ಎಸ್‌ಪಿಲಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಓಕೆ ಆಗಿದೆ, ನನ್ನ ಪಾಸ್‌ಬುಕ್ಕಿಗೆ ದುಡ್ಡೇ ಬಂದಿಲ್ಲ.

ಉತ್ತರ: ಆಧಾರ್ ಬ್ಯಾಂಕಿಗೆ ಲಿಂಕ್ ಆಗಿರೋದು ಬೇರೆ, ಎನ್‌ಪಿಸಿಐ (ಬ್ಯಾಂಕ್ ಪಾವತಿ ವ್ಯವಸ್ಥೆ ನಡೆಸೋ ಸಂಸ್ಥೆ) ಮ್ಯಾಪಿಂಗ್ ಆಗಿರೋದು ಬೇರೆ. ಸ್ಕಾಲರ್‌ಶಿಪ್ ನೀನು ಬರೆದ ಅಕೌಂಟ್ ನಂಬರಿಗೆ ಹೋಗಲ್ಲ, ಆಧಾರ್‌ಗೆ ಕೊನೆಯದಾಗಿ ಯಾವ ಬ್ಯಾಂಕ್ ಮ್ಯಾಪ್ ಆಗಿದ್ಯೋ ಅಲ್ಲಿಗೆ ಹೋಗುತ್ತೆ. ಸಿಮ್ ತಗೊಳ್ಳೋವಾಗ ಬೆರಳು ಒತ್ತಿಸ್ಕೊಂಡು ಅಂಗಡಿಯವರು ನಿನಗೇ ಗೊತ್ತಿಲ್ದೆ ಒಂದು ಪೇಮೆಂಟ್ಸ್ ಬ್ಯಾಂಕ್ ಅಕೌಂಟ್ ಓಪನ್ ಮಾಡಿರ್ಬೋದು, ದುಡ್ಡು ಅಲ್ಲಿ ಕೂತಿರ್ಬೋದು. ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡು, ಫೋನಲ್ಲಿ ಡಿಬಿಟಿ ಕರ್ನಾಟಕ ಆ್ಯಪ್ ಹಾಕ್ಕೊಂಡ್ರೆ ಯಾವ ಬ್ಯಾಂಕಿಗೆ ಎಷ್ಟು ಹೋಗಿದೆ ಅಂತಾನೂ ತೋರಿಸುತ್ತೆ. ತಪ್ಪಿದ್ರೆ ನಿನ್ನ ಬ್ರಾಂಚಲ್ಲಿ ಎನ್‌ಪಿಸಿಐ ಫಾರ್ಮ್ ಕೊಡು. ಹಾಸ್ಟೆಲ್ ಸಿಗದೆ ರೂಮ್ ಮಾಡಿದೀಯ ಅಂದ್ರೆ, ಹಿಂದುಳಿದ ವರ್ಗದವನಾಗಿದ್ರೆ ಊಟ, ವಸತಿ ಖರ್ಚಿಗೆ ಕೊಡೋ ವಿದ್ಯಾಸಿರಿಗೂ ಹಾಕು, 2013-14ರಲ್ಲಿ ತಿಂಗಳಿಗೆ 1500ರಂತೆ ವರ್ಷಕ್ಕೆ 10 ತಿಂಗಳು ಅಂತ ಶುರುವಾದ ಯೋಜನೆ.

ಪ್ರಶ್ನೆ: ಕನ್ನಡ ಮೀಡಿಯಂನಿಂದ ಬಂದಿದೀನಿ, ನೀಟ್ ಕನ್ನಡದಲ್ಲಿ ಬರೆದ್ರೆ ನಷ್ಟ ಆಗುತ್ತಾ?

ಉತ್ತರ: 2017ರಿಂದ ನೀಟ್ ಕನ್ನಡದಲ್ಲೂ ಇದೆ, ಮಾರ್ಕ್ಸಲ್ಲಿ ಏನೂ ವ್ಯತ್ಯಾಸ ಇಲ್ಲ. ಕನ್ನಡ ಆರಿಸ್ಕೊಂಡ್ರೆ ಪ್ರಶ್ನೆಪತ್ರಿಕೆಲಿ ಇಂಗ್ಲಿಷೂ ಇರುತ್ತೆ, ಅರ್ಥದಲ್ಲಿ ಗೊಂದಲ ಬಂದ್ರೆ ಇಂಗ್ಲಿಷ್ ಪಾಠವೇ ಅಂತಿಮ. ಅದಕ್ಕೆ ಎನ್‌ಸಿಇಆರ್‌ಟಿ ಬಯಾಲಜಿಯನ್ನ ಇಂಗ್ಲಿಷಲ್ಲೇ ಓದು, ಅರ್ಥ ಕನ್ನಡದಲ್ಲಿ ಮಾಡ್ಕೋ, ಪದಗಳು ಎರಡೂ ಭಾಷೆಲಿ ಪರಿಚಯ ಇರ್ಲಿ. ಸಿಇಟಿ ಥರ ಇಲ್ಲಿ ಊಹೆ ಮಾಡಿ ಎಲ್ಲ ತುಂಬಬೇಡ, ತಪ್ಪಿಗೆ 1 ಮಾರ್ಕ್ ಕಟ್.

ಒಂದು ಮಾತು ಇಲ್ಲೇ ಹೇಳ್ತೀನಿ. ತಮಿಳುನಾಡು 2020ರಲ್ಲೇ ಸರ್ಕಾರಿ ಶಾಲೆಲಿ ಓದಿದವರಿಗೆ ಮೆಡಿಕಲ್‌ನಲ್ಲಿ ಏಳೂವರೆ ಪರ್ಸೆಂಟ್ ಸೀಟು ಅಂತ ಕಾನೂನು ಮಾಡ್ತು. ನಮ್ಮಲ್ಲೂ ಅಂಥದ್ದು ಬರ್ಬೇಕು, ಸರ್ಕಾರಿ ಪಿಯು ಕಾಲೇಜಿನ ಮಕ್ಕಳನ್ನ ಲಕ್ಷಗಟ್ಟಲೆ ಕೋಚಿಂಗ್ ಕಟ್ಟಿದವರ ಜೊತೆ ಒಂದೇ ಗೆರೆ ಮೇಲೆ ನಿಲ್ಲಿಸೋದು ನ್ಯಾಯ ಅಲ್ಲ. ಶಾಸಕರು ಊರಿಗೆ ಬಂದಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ. ಅಲ್ಲಿವರೆಗೆ ನೀನು ಕನ್ನಡದಲ್ಲೇ ಬರಿ, ಪರೀಕ್ಷಾ ಕೇಂದ್ರ ಮಾತ್ರ ಕರ್ನಾಟಕದೊಳಗೇ ಹಾಕು, ಕನ್ನಡ ಪತ್ರಿಕೆ ಹೊರ ರಾಜ್ಯದಲ್ಲಿ ಸಿಗಲ್ಲ.