ಸಾಹಿತ್ಯ ಕೃತಿಯಿಂದ ಹುಟ್ಟಿ ಜನಪ್ರಿಯವಾದ ಹಾಡುಗಳು ಇವೆಯೇ?

ಹಲವು ಇವೆ. ನನಗೆ ಮೊದಲು ನೆನಪಾಗುವುದು ಇಂಗ್ಲಿಷ್ ಗಾಯಕಿ ಕೇಟ್ ಬುಷ್ ಅವರ ‘ವುದರಿಂಗ್ ಹೈಟ್ಸ್’. ಎಮಿಲಿ ಬ್ರಾಂಟೆಯ 1847ರ ಕಾದಂಬರಿಯ ಹೆಸರೇ ಹಾಡಿಗೂ. ತಮಾಷೆಯೆಂದರೆ, ಮೊದಲ ಕಿಡಿ ಹೊತ್ತಿದ್ದು ಪುಸ್ತಕದಿಂದಲ್ಲ, ಟಿವಿ ರೂಪಾಂತರವೊಂದರ ಕೊನೆಯ ಕೆಲವು ನಿಮಿಷಗಳಿಂದ. ಹಾಡು ಬರೆದಾಗ ಕೇಟ್‌ಗೆ 18 ವರ್ಷ.

ಕಾದಂಬರಿಯಲ್ಲಿ ಸತ್ತ ನಾಯಕಿ ಕ್ಯಾಥರೀನ್ ಕಿಟಕಿಯಾಚೆಯಿಂದ ‘ಒಳಗೆ ಬಿಡು’ ಎಂದು ಗೋಗರೆಯುವುದು ಲಾಕ್‌ವುಡ್ ಎಂಬ ಬಾಡಿಗೆದಾರನ ದುಃಸ್ವಪ್ನದಲ್ಲಿ. ಕಥೆಯೆಲ್ಲ ನಮಗೆ ತಲುಪುವುದು ಅವನ ಮತ್ತು ಮನೆಗೆಲಸದ ನೆಲ್ಲಿಯ ಬಾಯಿಂದಲೇ. ಹಾಡು ಇಬ್ಬರನ್ನೂ ಪಕ್ಕಕ್ಕೆ ಸರಿಸಿ ಮೈಕನ್ನು ನೇರವಾಗಿ ದೆವ್ವದ ಕೈಗೆ ಕೊಡುತ್ತದೆ! ಆ ತಾರಸ್ಥಾಯಿಯ ಕೀಚಲು ಧ್ವನಿ ದೆವ್ವದ್ದೆಂದು ತಿಳಿದ ಮೇಲೆ ಹಾಡೇ ಬೇರೆಯಾಗಿ ಕೇಳಿಸುತ್ತದೆ. ಅದಕ್ಕೂ ಮುನ್ನ ಕಿರಿಕಿರಿಯಾದರೆ ಅದು ನಿಮ್ಮ ತಪ್ಪಲ್ಲ. 1978ರಲ್ಲಿ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4 ವಾರ ಮೊದಲ ಸ್ಥಾನದಲ್ಲಿತ್ತು. ತಾನೇ ಬರೆದು ಹಾಡಿದ ಗೀತೆಯಿಂದ ಅಲ್ಲಿಗೇರಿದ ಮೊದಲ ಮಹಿಳೆ ಕೇಟ್. ಅಂದಹಾಗೆ, ಕೇಟ್ ಮತ್ತು ಎಮಿಲಿ ಇಬ್ಬರೂ ಹುಟ್ಟಿದ್ದು ಜುಲೈ 30ರಂದು.

ಜೆಫರ್ಸನ್ ಏರ್‌ಪ್ಲೇನ್ ತಂಡದ ‘ವೈಟ್ ರ‍್ಯಾಬಿಟ್’ ಲೂಯಿಸ್ ಕ್ಯಾರಲ್ ಬರೆದ ಆಲಿಸಳ ಕಥೆಗಳಿಂದ ಬಂದದ್ದು; ರೋಲಿಂಗ್ ಸ್ಟೋನ್ಸ್‌ನ ‘ಸಿಂಪಥಿ ಫಾರ್ ದ ಡೆವಿಲ್’ ಹಿಂದೆ ರಷ್ಯನ್ ಕಾದಂಬರಿಕಾರ ಬುಲ್ಗಾಕೋವ್‌ನ ಸೈತಾನನಿದ್ದಾನೆ.

ನಮ್ಮ ಭಾವಗೀತೆಗಳನ್ನು ಮಾತ್ರ ಈ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳು ಹಾಡಿಗೆ ಪ್ರೇರಣೆ ಆದದ್ದಲ್ಲ, ಅವೇ ಹಾಡುಗಳಾದವು.