ತಮ್ಮ ಮತ್ತೆ ಕೌನ್ಸೆಲಿಂಗ್‌ಗೆ ಹೋಗಲು ಒಪ್ಪುತ್ತಿಲ್ಲ: ಪ್ರತಿಕ್ರಿಯೆ

ನಿಮ್ಮ ತಮ್ಮ ಹಟ ಮಾಡುತ್ತಿಲ್ಲ, ಆ ಕೌನ್ಸೆಲರ್ ಮೇಲೆ ನಂಬಿಕೆ ಕಳೆದುಕೊಂಡಿದ್ದಾನೆ ಅನಿಸುತ್ತದೆ. 'ನನ್ನೊಳಗೆ ಇರೋದು ಹುಡುಗಿ' ಅಂತ ಕಷ್ಟಪಟ್ಟು ಹೇಳಿಕೊಂಡ 19ರ ಹುಡುಗನಿಗೆ ಆ ಕೌನ್ಸೆಲರ್ 'ಜಿಮ್‌ಗೆ ಹೋಗು, ಸರಿ ಹೋಗ್ತೀಯ' ಅಂದರೆ ಅವನು ಮತ್ತೆ ಬಾಯಿ ಬಿಡುವುದಾದರೂ ಹೇಗೆ? ನಮ್ಮ ಮನೆಯಲ್ಲೂ ಒಬ್ಬ ಹುಡುಗನಿಗೆ ಹೀಗೇ ಆಗಿತ್ತು, ಎರಡು ತಿಂಗಳು ಊಟದ ತಟ್ಟೆ ನೋಡಿಕೊಂಡೇ ಕೂತಿರುತ್ತಿದ್ದ.

ಮೊದಲು ಅಲ್ಲಿಗೆ ಕಳಿಸುವುದು ನಿಲ್ಲಿಸಿ. ಆಮೇಲೆ ನೀವಿಬ್ಬರೇ ಇದ್ದಾಗ ಕೇಳಿ: ಯಾವ ಹೆಸರಿನಿಂದ ಕರೆಯಲಿ, ಮನೆಯಲ್ಲಿ ಯಾರಿಗೆ ಹೇಳಬಹುದು, ಯಾರಿಗೆ ಬೇಡ. ಉತ್ತರ ಬರದಿದ್ದರೆ ಸುಮ್ನೆ ಜೊತೆಗಿರಿ, ಅದೂ ಸಾಕು. ಹೊಸ ಕೌನ್ಸೆಲರ್ ಹುಡುಕುವಾಗ ಫೋನಿನಲ್ಲೇ 'ಇವನನ್ನು ಬದಲಾಯಿಸೋಕೆ ನೋಡ್ತೀರಾ?' ಅಂತ ನೇರವಾಗಿ ಕೇಳಿ, ಹೌದು ಅಂದರೆ ಬೇರೆಯವರನ್ನು ನೋಡಿ. ಹೀಗೆ ಒಬ್ಬರ ಲಿಂಗ ಗುರುತನ್ನೇ ಬದಲಾಯಿಸಲು ನೋಡುವ 'ಚಿಕಿತ್ಸೆ' ವೈದ್ಯರಿಗೆ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಅಪ್ಪ ಅಮ್ಮನಿಗೂ ಇದನ್ನು ಹೇಳಿ, ಡಾಕ್ಟರ ಮಾತಿಗೆ ಅವರು ಜಾಸ್ತಿ ಬೆಲೆ ಕೊಡ್ತಾರೆ ಅಲ್ವಾ.

ಅವನು ಟ್ರಾನ್ಸ್ (ಅಂದರೆ ಹುಟ್ಟಿದಾಗ ಗುರುತಿಸಿದ ಲಿಂಗ ತನ್ನದಲ್ಲ ಅನ್ನಿಸುವವರು) ಹೌದೋ ಅಲ್ಲವೋ ನಾನು ಹೇಳಲಾರೆ, ಅದನ್ನು ಅವನೇ ನಿಧಾನವಾಗಿ ಹೇಳಬೇಕು. ಆದರೆ ಸಾಯುವ ಮಾತಾಡಿದರೆ ಮಾತ್ರ ಕಾಯಬೇಡಿ. ರಾತ್ರಿಯಾದರೂ ಸರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.